ಕರಿಸಿದ್ದಪ್ಪನ ಹೆಬ್ಬೆರಳ ದಂಡಯಾತ್ರೆ

ಹಿರೇಗುಂಟನೂರಿನ ಕರಿಸಿದ್ದಪ್ಪನ ಬಲಗೈ ಹೆಬ್ಬೆರಳು ಗೆದ್ದ ರಾಜ್ಯಗಳನ್ನೆಲ್ಲ ಒಂದೊಂದಾಗಿ ಹೇಳಹೊರಟರೆ ಮುಂದಿಟ್ಟ ಉಪ್ಪಿಟ್ಟು ಆರಿ ಕಲ್ಲಾದೀತು. ಹೊಳಲ್ಕೆರೆಯ ವ್ಯಾಪಾರಿಗಳ ಸೊಂಟ, ಹೊಸದುರ್ಗದ ಮೇಷ್ಟರುಗಳ ಮಂಡಿ, ಹಿರಿಯೂರಿನ ಲಾರಿ ಡ್ರೈವರುಗಳ ಕುತ್ತಿಗೆ, ಚಿತ್ರದುರ್ಗದ ಸಕಲ ಕಚೇರಿಗಳ ಸಕಲ ಗುಮಾಸ್ತರ ಹೆಗಲು, ಎಲ್ಲವೂ ಆ ಬೆರಳಿಗೆ ಕಪ್ಪಕಾಣಿಕೆ ಒಪ್ಪಿಸಿ ಶರಣಾದವೇ. ದುರ್ಗದ ಕೋಟೆಗಾದರೂ ಏಳೇ ಸುತ್ತು. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮನುಷ್ಯನ ಬೆನ್ನಿಗೆ ಎಷ್ಟು ಸುತ್ತು, ಎಲ್ಲಿ ದಿಡ್ಡಿ ಬಾಗಿಲು, ಎಲ್ಲಿ ಕಳ್ಳಗಿಂಡಿ ಎಂಬುದು ಆ ಬೆರಳೊಂದಕ್ಕೇ ಗೊತ್ತಿತ್ತು.

ಇಂಥ ದಂಡನಾಯಕ ಒಂದು ಮಂಗಳವಾರ ಬೆಳಿಗ್ಗೆ ಎಳ್ಳೆಣ್ಣೆ ಬಾಟಲಿಯ ಮುಚ್ಚಳಕ್ಕೆ ಸೋತುಹೋದ.

ಸೋಲು ಸಾಮಾನ್ಯದ್ದಾಗಿರಲಿಲ್ಲ. ಮುಚ್ಚಳವನ್ನು ಬಲಗೈಯಲ್ಲಿ ತಿರುವಿದ, ಅದು ಅಲ್ಲಾಡಲಿಲ್ಲ. ಟವೆಲ್ಲು ಸುತ್ತಿ ತಿರುವಿದ, ಟವೆಲ್ಲು ತಿರುಗಿತು. ಹಲ್ಲಿಗೆ ಕೊಡೋಣವೆಂದರೆ ಮಾಲೀಶಿನ ಮೇಜಿನ ಮೇಲೆ ಲಂಗೋಟಿಯಲ್ಲಿ ಬೋರಲಾಗಿದ್ದ ಹೊಳಲ್ಕೆರೆಯ ಪಾತ್ರೆ ಅಂಗಡಿ ಮುರುಗಪ್ಪನವರು ಕತ್ತು ತಿರುಗಿಸಿ ನೋಡುತ್ತಿದ್ದರು.

“ಸ್ವಲ್ಪ ಇದನ್ನ ತೆಗೀರಿ ಸಾಹುಕಾರ್ರೆ. ಕೈಗೆ ಎಣ್ಣೆ ಆಗೈತೆ, ಜಾರ್ತೈತೆ” ಎಂದ ಕರಿಸಿದ್ದಪ್ಪ.

ಮುರುಗಪ್ಪನವರು ಮಲಗಿದಲ್ಲೇ ಪಟ್ಟೆಂದು ತೆಗೆದುಕೊಟ್ಟು, “ಬಾಟ್ಲಿ ಮುಚ್ಚಳಾನೇ ತೆಗೆದಿಲ್ಲ, ಕೈಗೆ ಎಣ್ಣೆ ಎಲ್ಲಿಂದ ಬಂತಯ್ಯ?” ಎಂದರು. ಪಾತ್ರೆ ವ್ಯಾಪಾರದವರು, ತೂತು ಎಲ್ಲಿದ್ದರೂ ಅವರ ಕಣ್ಣಿಗೆ ಬೀಳುತ್ತದೆ.

ಕರಿಸಿದ್ದಪ್ಪ ಅವರ ಸೊಂಟಕ್ಕೆ ಎಣ್ಣೆ ಸುರಿದ. ಪರದೆಯ ಆಚೆ ನಿಂತಿದ್ದ ಫಿಜಿಯೋ ಅಂಜಲಿ ಇದನ್ನೆಲ್ಲ ನೋಡಿದ್ದಳು.

ಈ ಕೈಗೆ ಈ ವಿದ್ಯೆ ಬಂದದ್ದು ಯಾವ ಗುರುಕುಲದಿಂದಲೂ ಅಲ್ಲ, ಕುರಿಯ ಹೊಟ್ಟೆಯಿಂದ. ಇಪ್ಪತ್ತೆರಡು ವರ್ಷದ ಹಿಂದೆ, ಕರಿಸಿದ್ದಪ್ಪ ಇನ್ನೂ ಅಣ್ಣತಮ್ಮಂದಿರ ಜೊತೆ ಕುರಿ ಕಾಯುತ್ತಿದ್ದಾಗ, ದುರ್ಗದ ವೈದ್ಯ ರಘುನಾಥರ ಕಾರು ಅವನ ಮಂದೆಯ ನಡುವೆ ಸಿಕ್ಕಿಕೊಂಡಿತ್ತು. ರಸ್ತೆಯ ಪಕ್ಕದಲ್ಲಿ ಹಸಿ ಜೋಳದ ಪೈರು ತಿಂದು ಹೊಟ್ಟೆಯುಬ್ಬರಿಸಿದ ಕುರಿಯೊಂದು ಕಾಲು ಚಾಚಿ ಮಲಗಿತ್ತು. ಕರಿಸಿದ್ದಪ್ಪ ಅದರ ಪಕ್ಕೆಯನ್ನು ನೀವಿ, ಒತ್ತಿ, ಹೆಬ್ಬೆರಳಿನಿಂದ ಎಲ್ಲೋ ಒಂದು ಕಡೆ ಹುಡುಕಿ ಹಿಡಿದ. ಕುರಿ ಊರಿಗೆಲ್ಲ ಕೇಳುವಂತೆ ಗಾಳಿ ಬಿಟ್ಟು, ಎದ್ದು, ಏನೂ ಆಗಿಲ್ಲವೆಂಬಂತೆ ವೈದ್ಯರ ಕಾರಿನ ಕನ್ನಡಿ ನೆಕ್ಕಿತು. ವೈದ್ಯರು ಕಾರಿನಿಂದಿಳಿದು, “ಮನುಷ್ಯರಿಗೂ ಮಾಡ್ತೀಯೇನಪ್ಪ?” ಎಂದು ಕೇಳಿದರು. “ಮನುಷ್ಯರು ಒದೀದೆ ಇದ್ರೆ ಮಾಡ್ತೀನಿ” ಎಂದ ಕರಿಸಿದ್ದಪ್ಪ. ಅವತ್ತಿನಿಂದ ವೈದ್ಯರ ಅಭ್ಯಂಗ ಕೇಂದ್ರದ ಗಂಡಸರ ಕೋಣೆ ಅವನದು.

ದಿನಕ್ಕೆ ಒಂಬತ್ತು ಜನ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಬೆಳಿಗ್ಗೆ ಏಳರ ಬಸ್ಸಿಗೆ ಹಿರೇಗುಂಟನೂರು ಬಿಡುವವನು ಸಂಜೆ ಮನೆಗೆ ಬಂದರೆ ಹೆಂಡತಿ ಗಂಗಕ್ಕನಿಗೆ ಮೊದಲು ಬರುವುದು ಎಣ್ಣೆಯ ವಾಸನೆ, ಆಮೇಲೆ ಗಂಡ. ಕಟ್ಟೆಯ ಮೇಲೆ ಕೂತು ಗೋಡೆಗೆ ಒರಗಿದರೆ ಊಟಕ್ಕೆ ಎರಡು ಸಲ ಕರೆಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ‘ಸುಸ್ತಾಯ್ತು’ ಎಂಬ ಮಾತು ಬಂದದ್ದಿಲ್ಲ. ಊರಿನ ಸುಸ್ತನ್ನೆಲ್ಲ ತೆಗೆಯುವವನು ತಾನೇ ಸುಸ್ತಾದೆನೆಂದರೆ, ಕ್ಷೌರಿಕನೇ ಜಡೆ ಬಿಟ್ಟಂತೆ ಎಂದು ಅವನ ತರ್ಕ.

ಈಗೊಂದು ವರ್ಷದಿಂದ ಕೈ ಒಳಸಂಚು ನಡೆಸಿತ್ತು. ಬೆಳಿಗ್ಗೆ ಏಳುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಇರುವೆ ಹರಿದ ಹಾಗೆ ಜುಮುಗುಟ್ಟುತ್ತಿದ್ದವು. ಕೊಡವಿದರೆ ಸರಿಹೋಗುತ್ತಿತ್ತು. ಆಮೇಲಾಮೇಲೆ ಕೊಡವಿದರೂ ಹೋಗಲಿಲ್ಲ. ಕರಿಸಿದ್ದಪ್ಪ ಇದನ್ನು ಮುಚ್ಚಿಟ್ಟ ಬಗೆ ಗೂಢಚಾರರಿಗೂ ಪಾಠ. ಚಹಾದ ಲೋಟವನ್ನು ಎಡಗೈಗೆ ವರ್ಗ ಮಾಡಿದ. ಗುಂಡಿಯ ಅಂಗಿ ಬಿಟ್ಟು ತಲೆಯಿಂದ ಹಾಕುವ ನಿಲುವಂಗಿ ಹೊಲಿಸಿದ. “ಏನ್ರಿ ಇದು ಹೊಸಾ ಸ್ಟೈಲು?” ಎಂದು ಗಂಗಕ್ಕ ಕೇಳಿದ್ದಕ್ಕೆ, “ಗಾಳಿ ಆಡ್ತೈತೆ” ಎಂದ.

ಅಂಜಲಿ ಹೊಸದುರ್ಗದ ಕಡೆಯ ಹುಡುಗಿ. ವಾರಕ್ಕೆರಡು ದಿನ ಕೇಂದ್ರಕ್ಕೆ ಬಂದು ಮುರಿದವರನ್ನು, ಉಳುಕಿದವರನ್ನು ನೋಡಿಕೊಳ್ಳುವಳು. ಮುರುಗಪ್ಪನವರು ಎದ್ದುಹೋದ ಕೂಡಲೇ ಪರದೆ ಸರಿಸಿ ಬಂದು ಕುರ್ಚಿ ಎಳೆದಳು.

“ಕುಂತ್ಕಳ್ರಿ ಯಜಮಾನ್ರೆ. ಕೈ ಕೊಡ್ರಿ.”

“ಇನ್ನೂ ಆರು ಜನ ಅವ್ರೆ ತಾಯಿ.”

“ಅವರ ಬೆನ್ನು ಎಲ್ಲಿಗೂ ಓಡಿಹೋಗಲ್ಲ. ಕೊಡ್ರಿ ಅಂದ್ರೆ.”

ಅವನ ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಎಡಗೈ ಹೆಬ್ಬೆರಳ ಬುಡದಲ್ಲಿ ದಪ್ಪನೆಯ ದಿಬ್ಬವಿತ್ತು. ಬಲಗೈಯದು ಬೇಸಿಗೆಯ ಕೆರೆ ಅಂಗಳದಂತೆ ತಗ್ಗು ಬಿದ್ದಿತ್ತು. ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದಳು. ನಡುಬೆರಳ ತುದಿಯವರೆಗೆ ಕರೆಂಟು ಹೊಡೆದಂತಾಗಿ ಕರಿಸಿದ್ದಪ್ಪ ಕೂತಲ್ಲೇ ಜಿಗಿದ.

“ನರ ಅಮಕಿಕಂಡೈತೆ” ಎಂದಳು. “ಮಣಿಕಟ್ಟಿನ ಒಳಗೆ ಒಂದು ಸಣ್ಣ ಕಿಂಡಿ ಐತೆ. ಅದರೊಳಗೇ ನರ ಹೋಗಬೇಕು. ನೀವು ಇಪ್ಪತ್ತು ವರ್ಷದಿಂದ ಮಣಿಕಟ್ಟು ಮಡಚ್ಕಂಡು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಆ ಕಿಂಡೀನ ಮುಚ್ಚಾಕಿದೀರ. ದಿಬ್ಬ ನೋಡ್ರಿ, ಒಣಗ್ತಾ ಐತೆ. ಇನ್ನೊಂದು ವರ್ಷ ಹಿಂಗೇ ಮಾಡಿದ್ರೆ ಕೈಯಿ ಕೈಯಾಗಿ ಉಳಿಯಲ್ಲ.”

“ಏನಾಗಿ ಉಳೀತದೆ?”

“ಸೌಟು.”

ಆಮೇಲೆ ಅವಳು ಯುದ್ಧನೀತಿ ಹೇಳಿದಳು. ಹೆಬ್ಬೆರಳು ಹುಡುಕುವುದಕ್ಕೆ ಮಾತ್ರ, ಒತ್ತುವುದಕ್ಕಲ್ಲ. ಒತ್ತಬೇಕಾದರೆ ಮುಂಗೈ, ಇಲ್ಲವೆ ಮೊಣಕೈ. ಮಣಿಕಟ್ಟು ಬಾಗಬಾರದು; ಕೈಯಿಂದ ಮೊಣಕೈವರೆಗೆ ಒಂದೇ ಗೆರೆ. ಭಾರ ಹೆಗಲಿಂದಲ್ಲ, ಕಾಲಿಂದ ಬರಬೇಕು. ಅದಕ್ಕೆ ಮೇಜು ತಗ್ಗಬೇಕು. ದಿನಕ್ಕೆ ನಾಲ್ಕೇ ಜನ, ನಡುವೆ ಬಿಡುವು.

“ಮೊಣಕೈಲಿ ಮನುಷ್ಯರನ್ನ ಮುಟ್ಟೋದೇನವ್ವ!” ಎಂದ ಕರಿಸಿದ್ದಪ್ಪ, ನಿಜವಾಗಿ ನೊಂದುಕೊಂಡು. “ಅದು ಜಗಳಕ್ಕೆ ಹೋದಂಗಾಗ್ತೈತೆ.”

“ಅದೆಲ್ಲ ಆಮೇಲೆ. ಮೊದಲು ಮೂರು ವಾರ ಮಸಾಜ್ ಮುಟ್ಟಂಗಿಲ್ಲ. ಹಗಲೂ ರಾತ್ರಿ ಈ ಪಟ್ಟಿ ಕಟ್ಕಳ್ರಿ” ಎಂದು ಮಣಿಕಟ್ಟಿಗೆ ನೀಲಿ ಪಟ್ಟಿ ಬಿಗಿದಳು. ಒಳಗೆ ತಗಡಿನ ಪಟ್ಟೆ. ಮೇಲೆ ಚರ್‍ರೆಂದು ಅಂಟಿ ಚರ್‍ರೆಂದು ಬಿಡುವ ಅಂಟುಪಟ್ಟಿ. ವೈದ್ಯ ರಘುನಾಥರು ಸುದ್ದಿ ಕೇಳಿ ತಮ್ಮದೇ ಕೈಗೆ ನೋವು ಬಂದವರಂತೆ ಉಸಿರು ಬಿಟ್ಟು, “ಹೋಗು ಸಿದ್ದಪ್ಪ, ಮಲಗು” ಎಂದರು.

ಮಲಗುವುದು ಒಂದು ವಿದ್ಯೆ. ಕರಿಸಿದ್ದಪ್ಪನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಮೊದಲ ದಿನ ಕಟ್ಟೆಯ ಮೇಲೆ ಕೂತ. ನೀಲಿ ಪಟ್ಟಿಯನ್ನು ನೋಡಲು ಊರು ಬಂತು. ಒಬ್ಬ ಬೇವಿನೆಣ್ಣೆ ಎಂದ, ಇನ್ನೊಬ್ಬ ಬಿಸಿ ಇಟ್ಟಿಗೆಯ ಕಾವು ಎಂದ, ಮೂರನೆಯವನು ಪಟ್ಟಿಯನ್ನು ಎರಡು ಸಲ ಚರ್‍ರೆಂದು ಬಿಚ್ಚಿ ಅಂಟಿಸಿ ಸಂತೋಷಪಟ್ಟು ಹೋದ. ಎರಡನೆಯ ದಿನ ಮಂಚದ ಮೇಲೆ ಬಿದ್ದುಕೊಂಡು ಜಂತೆ ಎಣಿಸಿದ. ಮೂರನೆಯ ದಿನ ದಣಿವು ಬಂತು. ದುಡಿಯುವಾಗ ಎಲ್ಲಿ ಅಡಗಿತ್ತೋ, ಬೆನ್ನು, ತೊಡೆ, ಕಣ್ಣಿನ ರೆಪ್ಪೆಗಳಿಂದೆಲ್ಲ ಒಟ್ಟಿಗೇ ಇಳಿಯತೊಡಗಿತು. ನಾಲ್ಕನೆಯ ದಿನವೆಲ್ಲ ನಿದ್ದೆ. ಗಂಗಕ್ಕ ಆಗಾಗ ಬಂದು ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡಿ ಹೋಗುತ್ತಿದ್ದಳು.

ಐದನೆಯ ದಿನ ತಮ್ಮ ತಿಮ್ಮೇಶನ ಕುರಿರೊಪ್ಪದಲ್ಲಿ ಉಣ್ಣೆ ಕತ್ತರಿಸುವ ದಿನ.

ಇಲ್ಲಿ ಒಂದು ಮಾತು. ಕುರುಬರ ಮನೆಯಲ್ಲಿ ಉಣ್ಣೆ ಕತ್ತರಿಸುವುದನ್ನು ಯಾರೂ ಕೆಲಸವೆನ್ನುವುದಿಲ್ಲ. ಅದಕ್ಕೆ ಕೂಲಿಯಿಲ್ಲ. ಇವತ್ತು ನಮ್ಮ ರೊಪ್ಪಕ್ಕೆ ನೀವು ಬನ್ನಿ, ನಾಳೆ ನಿಮ್ಮ ರೊಪ್ಪಕ್ಕೆ ನಾವು ಬರುತ್ತೇವೆ ಎಂಬ ಮುಯ್ಯಿ. ಹಿಂದಿನ ದಿನ ಕುರಿಗಳಿಗೆ ಹಳ್ಳದಲ್ಲಿ ಸ್ನಾನ, ಮಧ್ಯಾಹ್ನ ಮುದ್ದೆ ಊಟ, ಇಡೀ ದಿನ ಹರಟೆ. ಮನೆಯ ಹಿರಿಯ ಮೊದಲ ಟಗರಿಗೆ ಅರಿಶಿನ ಹಚ್ಚಿ ಕತ್ತರಿ ಇಡಬೇಕು. ಹಾಗೆ ಮೊದಲ ಕತ್ತರಿ ಹಿಡಿದವನು ಮಧ್ಯಾಹ್ನದ ಊಟಕ್ಕೆ ಮುಂಚೆ ಎದ್ದರೆ ಆ ಸಲದ ಉಣ್ಣೆಗೆಲ್ಲ ಹುಳ ಬೀಳುತ್ತದೆಂದು ಅವರ ಮನೆತನದ ನಂಬಿಕೆ. ಮನೆಗೆ ಹಿರಿಯ ಕರಿಸಿದ್ದಪ್ಪ.

“ಕತ್ತರಿ ಮುಟ್ಟಬ್ಯಾಡ್ರಿ” ಎಂದಳು ಗಂಗಕ್ಕ.

“ಆ ಹುಡುಗಿ ಮಸಾಜ್ ಮಾಡಬ್ಯಾಡ ಅಂದೈತೆ. ಕತ್ತರಿ ಮಾತೇ ಎತ್ತಲಿಲ್ಲ. ಇದೇನು ಕೆಲಸನೇನೆ? ಒಂದೇ ಟಗರು, ಶಾಸ್ತ್ರಕ್ಕೆ.”

ಅವನು ಸುಳ್ಳು ಹೇಳಲಿಲ್ಲ. ಮಾಲೀಶು ಮಾಡುವ ಕೈ ಬೇರೆ, ಕುರಿ ಹಿಡಿಯುವ ಕೈ ಬೇರೆ ಎಂದು ಅವನು ಮನಸಾರೆ ನಂಬಿದ್ದ. ಮೊದಲನೆಯದು ದುರ್ಗಕ್ಕೆ ಬಸ್ಸಿನಲ್ಲಿ ಹೋಗಿಬರುವ ಕೈ. ಎರಡನೆಯದು ಅಪ್ಪ ಕೊಟ್ಟದ್ದು. ಎರಡಕ್ಕೂ ಒಂದೇ ಮಣಿಕಟ್ಟೆಂಬುದು ಅವನ ಲೆಕ್ಕದಲ್ಲಿ ಬಂದೇ ಇರಲಿಲ್ಲ.

ಟಗರಿನ ಕಾಲು ಕಟ್ಟಿ ಮಲಗಿಸಿದರು. ಕರಿಸಿದ್ದಪ್ಪ ಪಟ್ಟಿಯ ಸಮೇತ ಕೂತು ಕತ್ತರಿ ಇಟ್ಟ. ಆದರೆ ಅಂಟುಪಟ್ಟಿಗೆ ಉಣ್ಣೆಯೆಂದರೆ ಜನ್ಮಜನ್ಮದ ನೆಂಟಸ್ತನ. ಅರ್ಧ ಟಗರು ಮುಗಿಯುವಷ್ಟರಲ್ಲಿ ಮಣಿಕಟ್ಟಿನ ಮೇಲೊಂದು ಕರೀ ಮರಿ ಕೂತಂತಾಯಿತು. ಚರ್‍ರೆಂದು ಬಿಚ್ಚಿ ಪಕ್ಕಕ್ಕೆಸೆದ.

ಎದುರಿಗೆ ಮದಕರಿಪುರದ ಕಾಟಯ್ಯ ಕೂತಿದ್ದ. ಅವನೂ ಕರಿಸಿದ್ದಪ್ಪನೂ ಒಂದೇ ವಾರಿಗೆಯವರು. ಹುಡುಗರಾಗಿದ್ದಾಗ ದಿನಕ್ಕೆ ನಲವತ್ತು ಕುರಿ ಬೋಳಿಸಿದ ಜೋಡಿ.

“ಬಿಡಪ್ಪ ಸಿದ್ದ, ಶಾಸ್ತ್ರ ಆಯ್ತಲ್ಲ” ಎಂದ ಕಾಟಯ್ಯ, ಬೆಣ್ಣೆಯಂಥ ದನಿಯಲ್ಲಿ. “ಪ್ಯಾಟೆ ಕೈ ಅದು. ಸಾಹುಕಾರ್ರ ಬೆಣ್ಣೆ ಬೆನ್ನು ನೀವಿ ನೀವಿ ಮೆತ್ತಗಾಗಿರ್ತೈತೆ. ನೀನು ಕುಂತು ಮಾತಾಡ್ತಿರು, ನಾವು ಗಂಡಸ್ರು ಕತ್ತರಿಸ್ತೀವಿ.”

“ಲೇ ಕಾಟ, ನೀನು ಎರಡು ಮುಗ್ಸಾದ್ರೊಳಗೆ ನಾನು ಮೂರು ಮುಗ್ಸಿರ್ತೀನಿ ನೋಡು.”

“ಬಾಯಲ್ಲಾ ಕೈಯಲ್ಲಾ?”

ಯುದ್ಧ ಶುರುವಾಯಿತು. ರೊಪ್ಪದವರೆಲ್ಲ ಎರಡು ಪಕ್ಷವಾದರು. ತಿಮ್ಮೇಶ ಕುರಿ ತಂದು ಮಲಗಿಸುವುದು, ಅಣ್ಣ ಬೋಳಿಸುವುದು. ಕತ್ತರಿಯ ಕಚಕಚ ಸದ್ದು ಬಿಟ್ಟರೆ ಬೈಗುಳ ಮಾತ್ರ. ಹತ್ತು, ಹದಿನೈದು, ಇಪ್ಪತ್ತು. ಕುರಿಗಳು ಬೋಳಾಗಿ ಎದ್ದು, ಇದು ನಾನೇನಾ ಎಂದು ತಮ್ಮನ್ನೇ ಮೂಸಿಕೊಂಡು ಓಡುತ್ತಿದ್ದವು. ಕೈ ನೋಯುತ್ತಿರಲಿಲ್ಲ. ಅದೇ ಕರಿಸಿದ್ದಪ್ಪನಿಗೆ ಹೆಮ್ಮೆ. ನೋಡಿ, ಕುರಿ ಮುಟ್ಟಿದ್ದೇ ತಡ, ನೋವೆಲ್ಲ ಮಾಯ!

ಇಪ್ಪತ್ತೇಳನೆಯ ಕುರಿಯ ಪಕ್ಕೆ ಬೋಳಿಸುವಾಗ ತಿಮ್ಮೇಶ ಕೂಗಿದ. “ಅಣಾ, ನಿಲ್ಸು! ಚರ್ಮ ಕುಯ್ದೀಯ. ರಕ್ತ ಬರ್ತೈತೆ!”

ಕಪ್ಪು ಉಣ್ಣೆಯ ಕೆಳಗಿನ ಬಿಳಿಚಿಕೊಂಡ ಚರ್ಮದ ಮೇಲೆ ಕೆಂಪು ಬಳಿದಿತ್ತು. ಯಾರೋ ಅರಿಶಿನ ತಂದರು. ಕುರಿಯನ್ನು ಮಗುಚಿದರು, ತಿರುವಿದರು, ಕಿವಿ ಎತ್ತಿದರು, ಬಾಲ ಎತ್ತಿದರು. ಗಾಯ ಸಿಗಲಿಲ್ಲ. ಪೊಲೀಸರು ತಪ್ಪು ಮನೆ ಹೊಕ್ಕಾಗ ಮನೆಯವರು ನೋಡುವಂತೆ ಕುರಿ ಎಲ್ಲರ ಮುಖ ನೋಡುತ್ತಿತ್ತು. ಕರಿಸಿದ್ದಪ್ಪನೂ ಬಗ್ಗಿ ಹುಡುಕಿದ. ಅವನು ಎಲ್ಲಿ ಮುಟ್ಟಿದರೆ ಅಲ್ಲಿ ಹೊಸ ರಕ್ತ.

ಅಂಬಲಿಯ ತಂಬಿಗೆ ಹಿಡಿದು ನಿಂತಿದ್ದ ಗಂಗಕ್ಕ ತಂಬಿಗೆಯನ್ನು ಕೆಳಗಿಟ್ಟಳು.

“ಕುರಿ ಬಿಡ್ರಿ” ಎಂದಳು. “ಅವರ ಬೆರಳು ನೋಡ್ರಿ.”

ಬಲಗೈ ತೋರುಬೆರಳ ತುದಿ ಉಗುರಿನ ಪಕ್ಕದಿಂದ ಸೀಳಿಕೊಂಡು, ಬಿಳಿ ಕಾಣುವಷ್ಟು ಆಳಕ್ಕೆ ತೆರೆದಿತ್ತು. ಕರಿಸಿದ್ದಪ್ಪ ಅದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿದ.

“ನೋವಾಗ್ಲಿಲ್ವಾ?” ಎಂದ ಕಾಟಯ್ಯ.

“ಇಲ್ಲ.”

ಕಾಟಯ್ಯ ತನ್ನ ಕತ್ತರಿಯನ್ನು ಮೆಲ್ಲಗೆ ನೆಲಕ್ಕಿಟ್ಟ. ಯಾರೂ ನಗಲಿಲ್ಲ. ಗಂಗಕ್ಕ ಗಂಡನ ರಟ್ಟೆ ಹಿಡಿದು, “ಏಳ್ರಿ” ಎಂದಳು.

“ಊಟಕ್ಕೆ ಮುಂಚೆ ಎದ್ರೆ ಹುಳ...” ಎಂದ ತಿಮ್ಮೇಶ.

“ಹಿಡಿಯೋದಾದ್ರೆ ಉಣ್ಣೆಗೆ ಹಿಡೀಲಿ ಬಿಡಪ್ಪ. ಕೈಗೆ ಹಿಡಿದಿರೋದು ಸಾಕು.”

ಅವತ್ತು ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕುವಾಗ ಸೂಜಿ ಚರ್ಮದೊಳಗೆ ಹೋಗಿ ಬರುವುದನ್ನು ಕರಿಸಿದ್ದಪ್ಪ ಗೋಣಿಚೀಲ ಹೊಲಿಯುವುದನ್ನು ನೋಡುವವನಂತೆ ನೋಡುತ್ತ ಕೂತಿದ್ದ. ಆಗ ಅವನಿಗೆ ಹೆದರಿಕೆ ಬಂತು. ಕೈಯ ಕಸುವು ಹೋದರೆ ಹೋಗಲಿ, ಎಡಗೈ ಇದೆ. ಆದರೆ ಇಷ್ಟು ವರ್ಷ ಜನ ಅವನ ಕಸುವಿಗಾಗಿ ಬಂದಿರಲಿಲ್ಲ. ನೋವಿರುವ ಜಾಗವನ್ನು ಅವರು ಹೇಳುವುದಕ್ಕಿಂತ ಮುಂಚೆ ಆ ಬೆರಳು ಕಂಡುಹಿಡಿಯುತ್ತಿತ್ತು, ಅದಕ್ಕೆ ಬರುತ್ತಿದ್ದರು. ತನ್ನ ಗಾಯವೇ ತನಗೆ ತಿಳಿಯದ ಬೆರಳು ಇನ್ನೊಬ್ಬರ ಬೆನ್ನನ್ನು ಏನು ತಿಳಿದೀತು? ಹಿಂದೆ ತಿರುಗಿ ನೋಡಿದರೆ, ಕಳೆದ ಆರು ತಿಂಗಳಿಂದ ಅವನು ಬೆನ್ನುಗಳನ್ನು ಅಂದಾಜಿನ ಮೇಲೆ ಒತ್ತುತ್ತಿದ್ದ. ತಿಳಿಯದ್ದಕ್ಕೇ ಇನ್ನಷ್ಟು ಜೋರಾಗಿ ಒತ್ತುತ್ತಿದ್ದ.

ಗಂಡಹೆಂಡತಿ ಕೇಂದ್ರಕ್ಕೆ ಹೋದಾಗ ಅಂಜಲಿ ಪಟ್ಟಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಅಂಟುಪಟ್ಟಿಯ ತುಂಬ ಕರೀ ಉಣ್ಣೆ.

“ಇದನ್ನ ಯಾರಿಗೆ ಕಟ್ಟಿದ್ರಿ? ಟಗರಿಗಾ?”

ಉತ್ತರ ಕೊಟ್ಟದ್ದು ಗಂಗಕ್ಕ. ಇಪ್ಪತ್ತೇಳು ಕುರಿಗಳ ಕತೆಯನ್ನು ಒಂದೂ ಬಿಡದೆ ಹೇಳಿದಳು. ಅಂಜಲಿ ಕೇಳಿ ಕೇಳಿ ಕೊನೆಗೆ ತಲೆಗೆ ಕೈ ಹೊತ್ತಳು. “ತಪ್ಪು ನಂದೇ. ಮಸಾಜ್ ಬ್ಯಾಡ ಅಂದೆ, ಕುರಿ ಬ್ಯಾಡ ಅನ್ನೋದು ನಂಗೆ ಹೊಳೀಲಿಲ್ಲ.”

ದಾವಣಗೆರೆಯಲ್ಲಿ ನರದ ಪರೀಕ್ಷೆಯಾಯಿತು. ನರ ಸತ್ತಿಲ್ಲ, ಆದರೆ ಹೊಸ್ತಿಲ ಮೇಲೆ ನಿಂತಿದೆ ಎಂದರು ಡಾಕ್ಟರು. ಎರಡು ತಿಂಗಳು ಕೈಗೆ ಪೂರ್ತಿ ವಿಶ್ರಾಂತಿ. ಸ್ಪರ್ಶ ತಿರುಗಿ ಬಂದರೆ ಸರಿ, ಬಾರದಿದ್ದರೆ ಮಣಿಕಟ್ಟು ಕೊಯ್ದು ಕಿಂಡಿ ಬಿಡಿಸಬೇಕು, ಕೊಯ್ದ ಮೇಲೂ ಬಂದೇ ಬರುತ್ತದೆಂದು ಹೇಳಲಾಗದು.

ಈ ಸಲ ಪಟ್ಟಿಯ ಸರ್ವಾಧಿಕಾರ ಗಂಗಕ್ಕನದು. ನಿಷೇಧಾಜ್ಞೆಯನ್ನು ಅವಳೇ ಬರೆಸಿಕೊಂಡು ಬಂದಿದ್ದಳು: ಕತ್ತರಿ ಇಲ್ಲ, ಕೊಡಲಿ ಇಲ್ಲ, ಹಾಲು ಕರೆಯುವಂತಿಲ್ಲ, ಬಟ್ಟೆ ಹಿಂಡುವಂತಿಲ್ಲ, ಬಾವಿಯ ಹಗ್ಗ ಮುಟ್ಟುವಂತಿಲ್ಲ. “ಮೀಸೆ ತಿರುವಬೌದಾ?” ಎಂದು ಕರಿಸಿದ್ದಪ್ಪ ಕೇಳಿದ. “ಎಡಗೈಲಿ” ಎಂದಳು.

ದಿನಾ ಬೆಳಿಗ್ಗೆ ಪರೀಕ್ಷೆ. ಕಣ್ಣು ಮುಚ್ಚಿಸಿ ಬೆರಳಿನ ಕೆಳಗೆ ಏನಾದರೊಂದು ಇಡುವಳು, ಅವನು ಹೇಳಬೇಕು.

“ರಾಗಿ” ಎನ್ನುವನು.

“ಹುಣಸೆಬೀಜ.”

“ಎಳ್ಳು?”

“ಇನ್ನೂ ಏನೂ ಇಟ್ಟೇ ಇಲ್ಲ ಕಣ್ರಿ.”

ಪಂಡಿತರು ಶಾಲೆಯಲ್ಲಿ ಫೇಲಾದರೆ ನಗು ಬರುತ್ತದೆ, ಆದರೆ ಮೊದಲ ತಿಂಗಳು ಆ ಮನೆಯಲ್ಲಿ ಯಾರಿಗೂ ನಗು ಬರಲಿಲ್ಲ. ಕರಿಸಿದ್ದಪ್ಪ ಮಂಚದ ಮೇಲೆ ಬಿದ್ದುಕೊಂಡು, ಎದೆಯ ಮೇಲಿಟ್ಟ ಕೈಯನ್ನು ಮುದಿ ನಾಯಿಯನ್ನು ನೋಡುವಂತೆ ನೋಡುತ್ತಿದ್ದ. ಬೈಯಲೂ ಮನಸ್ಸಿಲ್ಲ, ನಂಬಲೂ ಧೈರ್ಯವಿಲ್ಲ. ಆರನೆಯ ವಾರ ಒಂದು ಬೆಳಿಗ್ಗೆ ನಡುಬೆರಳಿನ ಕೆಳಗೆ ಏನೋ ಉರುಳಿತು. “ರಾಗಿ” ಎಂದ. ಗಂಗಕ್ಕ ಅದನ್ನು ತೆಗೆದಳು. ಇನ್ನೊಂದು ಇಟ್ಟಳು. “ಇದು ಎಳ್ಳು, ಚಪ್ಪಟೆ ಐತೆ.” ಅವಳು ಎದ್ದು ಒಲೆಯ ಕಡೆ ಹೋದಳು. ಒಲೆ ಉರಿಯುತ್ತಿರಲಿಲ್ಲ, ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಗೆಯನ್ನು ಬೈದಳು. ಹೆಬ್ಬೆರಳಿಗೂ ಎಂಟನೆಯ ವಾರದ ಹೊತ್ತಿಗೆ ಬುದ್ಧಿ ಬಂತು. ಹೊಲಿಗೆ ಬಿದ್ದ ತೋರುಬೆರಳು ಮಾತ್ರ ಮಂಕಾಗಿಯೇ ಉಳಿಯಿತು.

“ಇಷ್ಟು ಬಂದಿರೋದೇ ಹೆಚ್ಚು. ಹಳೇ ಚಾಳಿಗೆ ಹೋದ್ರೆ ಇದೂ ಹೋಗ್ತೈತೆ. ಆವಾಗ ನನ್ನ ಹತ್ರ ಬರಬ್ಯಾಡ್ರಿ” ಎಂದಳು ಅಂಜಲಿ.

ಬಡಗಿ ಬಂದು ಮೇಜಿನ ಕಾಲುಗಳನ್ನು ಒಂದು ಗೇಣು ಕತ್ತರಿಸಿದ. ಮೇಜಿನ ಮೇಲೆ ಮೊದಲು ಮಲಗಿದ್ದು ಐವತ್ತು ಕಿಲೋದ ರಾಗಿಮೂಟೆ. ಐವತ್ತನಾಲ್ಕು ವರ್ಷದ ವಿದ್ಯಾರ್ಥಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು, ಮುಂಗೈಯನ್ನು ಮೂಟೆಯ ಮೇಲೊರಗಿಸಿ ಭಾರ ಬಿಡುವುದನ್ನು ಕಲಿತ. “ದಬ್ಬಬ್ಯಾಡ್ರಿ, ಒರಗ್ರಿ” ಎಂದು ಅಂಜಲಿ ನೂರು ಸಲ ಹೇಳಿದಳು. ದಬ್ಬಿ ಬದುಕಿದವನಿಗೆ ಒರಗುವುದು ಕಷ್ಟ. ಮುಂಗೈಗೆ ಕಣ್ಣಿಲ್ಲ; ಅದರಿಂದ ಮೈ ತಿಳಿಯುವುದೆಂದರೆ ಲಕೋಟೆ ಒಡೆಯದೆ ಕಾಗದ ಓದಿದಂತೆ. ಸಂಜೆಗೆ ಕಾಲು ನೋಯುತ್ತಿತ್ತು, ಕೈ ನೋಯುತ್ತಿರಲಿಲ್ಲ. ಈ ಹೊಸ ದಣಿವಿಗೆ ಅವನು ಇನ್ನೂ ಒಗ್ಗಿರಲಿಲ್ಲ.

ಮೂಟೆಯ ನಂತರದ ಬೆನ್ನು ಮುರುಗಪ್ಪನವರದು.

“ಏನಯ್ಯ ಇದು!” ಎಂದರು ಅರ್ಧ ನಿಮಿಷಕ್ಕೇ. “ಲಟ್ಟಣಿಗೆ ಆಡಿಸ್ದಂಗೆ ಆಡಿಸ್ತೀಯ. ನಾನೇನು ಚಪಾತಿನಾ? ಎಲ್ಲಿ ನಿನ್ನ ಹೆಬ್ಬೆರಳು? ಅದನ್ನ ಕಳಿಸು.”

“ಅದು ರಿಟೈರ್ ಆಗೈತೆ ಸಾಹುಕಾರ್ರೆ.”

“ಪೆನ್ಷನ್ ಮೇಲೇ ಬರಲಿ.”

ಕರಿಸಿದ್ದಪ್ಪನ ಹೆಬ್ಬೆರಳು ತಾನಾಗಿಯೇ ಬಾಗಿತು. ಸೊಂಟದ ಎಡಕ್ಕೆ, ಮೂರು ಬೆರಳು ಕೆಳಗೆ, ಅದೇ ಹಳೆಯ ಗಂಟು. ಒಮ್ಮೆ ಹಿಡಿದು ಒತ್ತಿದರೆ ಸಾಕು, ಸಾಹುಕಾರರ ಬಾಯಿ ಮುಚ್ಚುತ್ತದೆ. ಬೆರಳು ಗಂಟಿನ ಮೇಲೆ ಕೂತಿತು, ಗುರುತು ಹಿಡಿಯಿತು. ಅಷ್ಟೇ. ಅವನು ಅದನ್ನೆತ್ತಿ, ಅದೇ ಜಾಗಕ್ಕೆ ಮುಂಗೈ ಒರಗಿಸಿ, ಹಿಂದಿನ ಕಾಲಿನ ಹಿಮ್ಮಡಿಯಿಂದ ಭಾರ ತಂದು ಬಿಟ್ಟು, ಉಸಿರು ಎಣಿಸುತ್ತ ನಿಂತ. ಸಾಹುಕಾರರು ಇನ್ನೂ ಸ್ವಲ್ಪ ಗೊಣಗಿದರು. ಆಮೇಲೆ ಗೊಣಗಾಟ ಗೊರಕೆಯಾಯಿತು. ಎದ್ದು ಬಟ್ಟೆ ಹಾಕಿಕೊಳ್ಳುವಾಗ ಸೊಂಟವನ್ನು ಆಚೀಚೆ ತಿರುವಿ ನೋಡಿ, ನೆಗ್ಗು ಬಿದ್ದ ಪಾತ್ರೆಗೆ ಬೆಲೆ ಹೇಳುವ ದನಿಯಲ್ಲಿ “ಪರವಾಗಿಲ್ಲ” ಎಂದು ಹೋದರು.

ಅವತ್ತು ನಾಲ್ಕು ಜನ. ಐದನೆಯವರು ಹಿರಿಯೂರಿನಿಂದ ಬಂದಿದ್ದರು. ವೈದ್ಯರೇ ಹೊರಗೆ ಬಂದು ಅವರಿಗೆ ನಾಳೆಯ ಹೊತ್ತು ಕೊಟ್ಟರು. ಕರಿಸಿದ್ದಪ್ಪ ಪರದೆಯ ಹಿಂದೆ ಕಳ್ಳನಂತೆ ನಿಂತು ಆ ಮನುಷ್ಯ ಮೆಟ್ಟಿಲಿಳಿಯುವುದನ್ನು ಕೇಳಿಸಿಕೊಂಡ.

ಆದರೆ ವೈದ್ಯರು ತಡೆಯಬಲ್ಲ ಸೈನ್ಯ ಕೇಂದ್ರದ ಬಾಗಿಲಿಗೇ ಮುಗಿಯಿತು. ಸಂಜೆಯ ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಬಸವೇಶ ಎರಡೂ ಕೈ ಎತ್ತಿ ಎದುರಾದ.

“ಓಹೋ, ಬಂದ್ರಾ ಯಜಮಾನ್ರೆ! ಎರಡು ತಿಂಗಳಿಂದ ಈ ಬೆನ್ನು ನಿಮ್ಮ ದಾರಿ ಕಾಯ್ತೈತೆ. ಈ ರೆಕ್ಕೆ ಮೂಳೆ ಸಂದೀಲಿ ಹಿಡ್ಕಂಡೈತೆ ನೋಡ್ರಿ. ಎರಡೇ ನಿಮಿಷ, ಟಿಕೆಟ್ ಹರಿಯೋದ್ರೊಳಗೆ.”

ಎರಡೇ ನಿಮಿಷದ ಈ ಜನ ಕೇಂದ್ರದ ಪಟ್ಟಿಯಲ್ಲಿ ಬರುವುದಿಲ್ಲ. ಕಂಡಕ್ಟರ್, ಹೋಟೆಲಿನ ಭಟ್ಟರು, ಅಂಚೆಯವನು, ಸಾವಿನ ಮನೆಯಲ್ಲಿ ಪಕ್ಕ ಕೂತವನು. ಇಷ್ಟು ವರ್ಷ ಯಾರಿಗೂ ಅವನು ಇಲ್ಲವೆಂದಿರಲಿಲ್ಲ. ಬಸವೇಶ ಆಗಲೇ ಬೆನ್ನು ತಿರುಗಿಸಿ ನಿಂತಿದ್ದ.

“ಆಗಲ್ಲ ಬಸವೇಶ” ಎಂದ ಕರಿಸಿದ್ದಪ್ಪ.

ಬಸವೇಶ ತಿರುಗಿ ನೋಡಿದ. ಪಕ್ಕದ ಸೀಟಿನವರೂ ನೋಡಿದರು. “ಯಾಕ್ರಿ, ಕೈಗೇನಾಗೈತೆ?”

“ಏನೂ ಆಗಬಾರದು ಅಂತ.”

“ಎರಡೇ ನಿಮಿಷಕ್ಕೆ ಏನಾಗ್ತೈತ್ರಿ?” ದನಿಯಲ್ಲಿ ಬೇಸರವಿತ್ತು. ನಾಳೆಯಿಂದ ಸೀಟು ಹಿಡಿದಿಡುವುದಿಲ್ಲ ಎಂಬ ಸಣ್ಣ ಬೆದರಿಕೆಯೂ ಇತ್ತು.

ಕರಿಸಿದ್ದಪ್ಪನಿಗೆ ವಾದ ಮಾಡಲು ಶಕ್ತಿಯಿರಲಿಲ್ಲ. “ಆ ಕಂಬ ಐತಲ್ಲ, ಅದಕ್ಕೆ ಬೆನ್ನು ಕೊಟ್ಟು ನಿಂತ್ಕ. ಅಲ್ಲಲ್ಲ, ಸ್ವಲ್ಪ ಎಡಕ್ಕೆ. ಮಂಡಿ ಬಗ್ಗಿಸು. ಈಗ ಮೆಲ್ಲಗೆ ಒರಗು. ದಬ್ಬಬ್ಯಾಡ, ಒರಗು. ಉಸಿರು ಬಿಡು.”

ಬಸವೇಶ ಒರಗಿದ. ರಸ್ತೆಯ ಗುಂಡಿಯೊಂದು ಬಸ್ಸನ್ನೆತ್ತಿ ಕೂರಿಸಿತು. “ಆಹಾ!” ಎಂದ ಬಸವೇಶ, ಜಾಲಿಮರಕ್ಕೆ ಮೈಯುಜ್ಜುವ ಎಮ್ಮೆಯ ಸುಖದಲ್ಲಿ. ಇನ್ನೊಂದು ಗುಂಡಿ. ಇನ್ನೊಂದು ಆಹಾ. ಹಿಂದಿನ ಸೀಟಿನ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ನಗು ಮುಗಿಯುವ ಮುಂಚೆ ಗೊಬ್ಬರದ ಅಂಗಡಿಯವನೊಬ್ಬ ಎದ್ದು ಮುಂದಿನ ಕಂಬ ಹಿಡಿದ. ಅವನ ಹಿಂದೆ ಇನ್ನಿಬ್ಬರು ಸರದಿ ನಿಂತರು. “ಯಜಮಾನ್ರೆ, ಸೊಂಟಕ್ಕೂ ಆಗ್ತೈತಾ?” ಎಂದು ಒಬ್ಬ ಕೇಳಿದ.

ಯಜಮಾನರು ಕಿಟಕಿಗೆ ತಲೆಯಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಬಿಟ್ಟು ನಿದ್ದೆಹೋಗಿದ್ದರು.

ಹಿರೇಗುಂಟನೂರು ಬಂದಾಗ ಸೀಟಿ ಊದಬೇಕಾದ ಬಸವೇಶ ಕಂಬಕ್ಕೊರಗಿ ಕಣ್ಣು ಮುಚ್ಚಿದ್ದ. ಬಸ್ಸು ಊರು ದಾಟಿ, ಕೆರೆ ಏರಿ ದಾಟಿ, ಯಾರೋ ಕೂಗಿಕೊಂಡ ಮೇಲೆ ನಿಂತಿತು. ಕರಿಸಿದ್ದಪ್ಪ ಇಳಿದು, ಒಂದು ಮೈಲಿ ಹಿಂದಕ್ಕೆ ನಡೆಯಬೇಕಾದ ದಾರಿಯನ್ನು ಒಮ್ಮೆ ನೋಡಿ, ಎರಡೂ ಕೈಗಳನ್ನು ನಿಲುವಂಗಿಯ ಜೇಬಿನಲ್ಲಿ ಇಳಿಬಿಟ್ಟು, ನಿಧಾನವಾಗಿ ಹೊರಟ.